ಕೂಗಿದರೆ ಮೊದಲು ಓಡಿಬರುವವರು

ಗಜೇಂದ್ರಗಡದ ಕಾಲಕಾಲೇಶ್ವರ ಗುಡ್ಡಕ್ಕೆ ಮಳೆಗಾಲದಲ್ಲಿ ಹೋದರೆ ಪಾವಟಿಗೆ ಬಿಟ್ಟು ಅತ್ತಿತ್ತ ಕಾಲಿಡಬಾರದು. ಬಂಡೆಯ ಮೇಲೆ ಹಾವಸೆ ಕಟ್ಟಿರುತ್ತದೆ. ಕುರಿ ಮೇಯಿಸುವವರು ದೂರದಿಂದಲೇ ಕೂಗುತ್ತಾರೆ: “ಆ ಕಡೆ ಹೋಗಬ್ಯಾಡ್ರಿ, ಜಾರತೈತಿ!” ಬಂಡೆಯ ತುದಿಗೆ ನಿಂತು ಫೋಟೊ ತೆಗೆಸಿಕೊಳ್ಳುವ ಹುಡುಗರಿಗೆ ಆ ಕೂಗು ಕೇಳುವುದೇ ಕಡಿಮೆ. ಅವರಲ್ಲೊಬ್ಬ ಜಾರಿ ಬಿದ್ದರೆ ಮೊದಲು ಕೆಳಗಿಳಿಯುವವನೂ ಆ ಕುರಿಗಾಹಿಯೇ.

ಅವನ ಹೆಗಲ ಮೇಲಿನ ಕಂಬಳಿಯೇ ಸ್ಟ್ರೆಚರ್. ನೆಲಕ್ಕೆ ಹಾಸಿ, ಎರಡು ಗಟ್ಟಿ ಕೋಲಿಗೆ ಎರಡೂ ಅಂಚನ್ನು ಬಿಗಿಯಾಗಿ ಸುತ್ತಿ, ನಾಲ್ವರು ಹಿಡಿದರೆ ಗಾಯಾಳುವನ್ನು ಇಳಿಸಬಹುದು. ಹಗ್ಗ ಬೇಕೆಂದರೆ ಹೊಲದ ಮಿಣಿ ಇದೆ. ಆದರೆ ಬೆನ್ನುಮೂಳೆಗೆ ಪೆಟ್ಟಾದವನನ್ನು ಗಡಿಬಿಡಿಯಲ್ಲಿ ಎತ್ತಿದರೆ ಜೀವ ಉಳಿದರೂ ಕಾಲಿನ ಸ್ವಾಧೀನ ಹೋದೀತು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ಹಿಡಿದು ಹೊರಳಿಸಬೇಕು. ಅದನ್ನು ಕುರಿಗಾಹಿಗೆ ಕೂತು ಕಲಿಸಿಕೊಡುವವರು ಬೇಕು. ನನ್ನ ಅಳಲು ಇಷ್ಟೇ.

2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬಳಿ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಕ್ಕೆ ಜಾರಿ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿತು. ಯಲಹಂಕದ ವಾಯುನೆಲೆ ಅಲ್ಲಿಗೆ ಹತ್ತಿರ. ಗಜೇಂದ್ರಗಡವೋ ಬೆಂಗಳೂರಿನಿಂದ ಸುಮಾರು 400 ಕಿ.ಮೀ. ದೂರ.

ಗುಡ್ಡದ ಮಾತು ಹಾಗಿರಲಿ, ನಮ್ಮ ಸೀಮೆಗೆ ಹೊಳೆಯ ಪಾಠವೂ ಇದೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. 2019ರಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರಗಳನ್ನು ಸುತ್ತಿಕೊಂಡಿತು. ರೋಣ ತಾಲ್ಲೂಕಿನ ಹೊಳೆ ಆಲೂರು ಭಾಗವೂ ನಲುಗಿತು. ಎರೆ ಹೊಲದ ರಾಡಿಯಲ್ಲಿ ಜೀಪು ಹೂತುಹೋಗುತ್ತದೆ, ಅಲ್ಲಿ ನಡೆಯುವುದು ಟ್ರ್ಯಾಕ್ಟರೇ. ರಕ್ಷಣಾ ಪಡೆಯ ದೋಣಿ ಬರುವತನಕ ಮುದುಕರನ್ನು, ಬಾಣಂತಿಯರನ್ನು ಹೊತ್ತು ದಾಟಿಸುವ ಕೆಲಸ ಊರಿನವರದೇ.

ಧೈರ್ಯಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಚಿತ್ರದುರ್ಗದ ಜ್ಯೋತಿರಾಜ್, ಎಲ್ಲರ ಬಾಯಲ್ಲಿ ಕೋತಿರಾಜ್, 2018ರಲ್ಲಿ ಕಾಣೆಯಾದವನೊಬ್ಬನನ್ನು ಹುಡುಕಲು ಜೋಗದ ಕಣಿವೆಗಿಳಿದು ತಾವೇ ಸಿಕ್ಕಿಬಿದ್ದರು. ಮರುದಿನ ಪತ್ತೆಯಾದರು. ಬರಿಗೈಯಲ್ಲಿ ಕೋಟೆಗೋಡೆ ಹತ್ತುವವರ ಪಾಡೇ ಹೀಗಾದರೆ ಕುರಿಗಾಹಿಯೊಬ್ಬನನ್ನು ನೆಚ್ಚಿ ಕೂರುವುದು ತಪ್ಪು. ಮೇಲೆ ಹಗ್ಗ ಹಿಡಿಯಲು ಇಬ್ಬರು, ಸುದ್ದಿ ಮುಟ್ಟಿಸಲು ಒಬ್ಬ ಇರಲೇಬೇಕು.

ಕೇಂದ್ರದ ‘ಆಪದಾ ಮಿತ್ರ’ ಯೋಜನೆ 350 ಜಿಲ್ಲೆಗಳಲ್ಲಿ 1 ಲಕ್ಷ ಸ್ವಯಂಸೇವಕರನ್ನು ತಯಾರು ಮಾಡುವ ಗುರಿ ಇಟ್ಟುಕೊಂಡದ್ದು. ಹನ್ನೆರಡು ದಿನಗಳ ಅಂಥ ತರಬೇತಿ ಕುರಿಹಟ್ಟಿಗೂ ಬರಬೇಕು. ಪಕ್ಕದ ಬಾದಾಮಿಯ ಬಂಡೆಗಳಲ್ಲಿ ಹಗ್ಗ ಕಟ್ಟಿ ಹತ್ತುವುದನ್ನು ಕಲಿತವರಿದ್ದಾರೆ, ಅವರನ್ನೇ ಕರೆಸಬಹುದು. ಒಳ್ಳೆಯ ಹಗ್ಗ, ಹೆಲ್ಮೆಟ್, ಸ್ಟ್ರೆಚರ್ ಗುಡ್ಡದ ಬುಡದಲ್ಲೇ ಇರಲಿ. ಗುಡ್ಡದ ಇಂಚಿಂಚು ಬಲ್ಲವರ ಹೆಸರು, ಫೋನ್ ನಂಬರ್ ಪಂಚಾಯಿತಿಯ ಗೋಡೆಯ ಮೇಲೆ ಬರೆದಿರಲಿ.

ಓದುಗರೇ, ಗುಡ್ಡ ಹತ್ತುವ ಮೊದಲು ಮನೆಯಲ್ಲಿ ಹೇಳಿ ಹೊರಡಿ. ಯಾರಾದರೂ ಬಿದ್ದದ್ದು ಕಂಡರೆ ನೀವೇ ಇಳಿಯಬೇಡಿ. 112ಕ್ಕೆ ಫೋನ್ ಮಾಡಿ, ಜಾಗದ ಗುರುತು ಹೇಳಿ, ಹತ್ತಿರದ ಕುರಿಗಾಹಿಯನ್ನು ಕೂಗಿ.