ಭಾರಿ ಸರಕು ವಾಹನ ಮತ್ತು ಟ್ರೇಲರ್‌ಗಳ ನಿಲುಗಡೆ ಬ್ರೇಕ್: ಅರ್ಹತಾ ಪತ್ರದ ಅರ್ಜಿದಾರರಿಗೆ ಮಾಹಿತಿ

ತುಮಕೂರಿನಿಂದ ಅರಸೀಕೆರೆ, ಹಳೇಬೀಡು, ಬೇಲೂರು, ಮೂಡಿಗೆರೆ ಹಾಗೂ ಚಾರ್ಮಾಡಿ ಘಾಟಿಯ ಮೂಲಕ ಮಂಗಳೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 73ರ ಉದ್ದಕ್ಕೂ ಭಾರಿ ಸರಕು ವಾಹನಗಳು ದಾರಿಬದಿಯಲ್ಲಿ ನಿಲ್ಲುವುದು ದಿನನಿತ್ಯದ ಸಂಗತಿಯಾಗಿರುತ್ತದೆ. ಅರಸೀಕೆರೆಯಲ್ಲಿ ತೆಂಗಿನಕಾಯಿ, ಕೊಬ್ಬರಿ ತುಂಬುವಾಗ ಹಮಾಲರು ಲಾರಿಯ ಹಿಂಬದಿಯಲ್ಲಿಯೇ ಇರುತ್ತಾರೆ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳಿಗೆ ಬರುವ ಯಾತ್ರಿಕರು, ಶಾಲಾ ಮಕ್ಕಳು ನಿಂತ ವಾಹನಗಳ ನಡುವೆಯೇ ನಡೆದು ಹೋಗುತ್ತಾರೆ. ಚಾಲಕನು ಕೆಳಗಿಳಿದ ಮೇಲೆ ಇವರೆಲ್ಲರ ರಕ್ಷಣೆಯು ನಿಲುಗಡೆ ಬ್ರೇಕನ್ನು, ಅಂದರೆ ರೂಢಿಯಲ್ಲಿ ಹ್ಯಾಂಡ್ ಬ್ರೇಕ್ ಎಂದು ಕರೆಯಲಾಗುವ ಸಾಧನವನ್ನು ಅವಲಂಬಿಸಿರುತ್ತದೆ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 96ರ ಮೇರೆಗೆ ಇಂತಹ ವಾಹನಗಳಲ್ಲಿ ಕಾಲಿನಿಂದ ಒತ್ತುವ ಬ್ರೇಕ್ ಮತ್ತು ನಿಲುಗಡೆ ಬ್ರೇಕ್ ಎಂಬ ಎರಡು ಸ್ವತಂತ್ರ ವ್ಯವಸ್ಥೆಗಳಿರತಕ್ಕದ್ದು. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 126ರ ಪ್ರಕಾರ, ಲೈಸೆನ್ಸುಳ್ಳ ಚಾಲಕನು ಆಸನದಲ್ಲಿ ಇಲ್ಲದಿದ್ದಲ್ಲಿ, ಎಂಜಿನನ್ನು ನಿಲ್ಲಿಸಿ ಬ್ರೇಕ್ ಹಾಕದೆ ಅಥವಾ ವಾಹನವು ಆಕಸ್ಮಿಕವಾಗಿ ಚಲಿಸದಂತೆ ಬೇರೆ ಕ್ರಮ ಕೈಗೊಳ್ಳದೆ ಅದನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸುವಂತಿಲ್ಲ. ಗೇರಿನಲ್ಲಿ ಬಿಟ್ಟು ಇಳಿದರೆ ಸಾಕೆಂಬ ಭಾವನೆ ಹಲವರಲ್ಲಿದೆ. ತುಂಬಿದ ಲಾರಿಗೆ ಇದು ಸಾಲದು.

ಇಂದಿನ ಭಾರಿ ಲಾರಿಗಳಲ್ಲಿ ಕಾಲಿನ ಬ್ರೇಕ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ನಿಲುಗಡೆ ಬ್ರೇಕಿನ ಕ್ರಮವು ಇದಕ್ಕೆ ತದ್ವಿರುದ್ಧವಾದುದು. ಹಿಂದಿನ ಚಕ್ರಗಳ ಬ್ರೇಕ್ ಚೇಂಬರಿನಲ್ಲಿರುವ ಬಲವಾದ ಸ್ಪ್ರಿಂಗ್ ಬ್ರೇಕನ್ನು ಹಿಡಿಯುತ್ತದೆ, ಗಾಳಿಯು ಅದನ್ನು ಬಿಡಿಸುತ್ತದೆ. ಆದುದರಿಂದ ಗಾಳಿ ಸೋರಿ ಖಾಲಿಯಾದರೂ ಬ್ರೇಕ್ ಹಿಡಿದೇ ಇರುತ್ತದೆ.

ಟ್ರೇಲರ್‌ಗಳ ವಿಷಯದಲ್ಲಿ ಮಾಲೀಕರು ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲಿಯೇ. ಎಳೆಯುವ ವಾಹನದಿಂದ ಗಾಳಿಯ ಕೊಳವೆಯನ್ನು ಬಿಚ್ಚಿದಾಗ ಟ್ರೇಲರಿನ ಬ್ರೇಕ್ ತಾನಾಗಿಯೇ ಹಿಡಿಯುತ್ತದೆಯಾದರೂ, ಆಗ ಅದನ್ನು ಹಿಡಿಯುವುದು ಟ್ರೇಲರಿನ ಸ್ವಂತ ಟ್ಯಾಂಕಿನಲ್ಲಿ ಉಳಿದ ಗಾಳಿಯಾಗಿರಬಹುದು. ಆ ಗಾಳಿ ಕೆಲವು ಗಂಟೆಗಳಲ್ಲಿ ಸೋರಿಹೋದಲ್ಲಿ, ಸಂಜೆ ಗಟ್ಟಿಯಾಗಿ ನಿಂತಿದ್ದ ಟ್ರೇಲರ್ ರಾತ್ರಿ ಸದ್ದಿಲ್ಲದೆ ಉರುಳಬಹುದು. ಆದುದರಿಂದ ಬಿಚ್ಚಿ ನಿಲ್ಲಿಸುವ ಟ್ರೇಲರಿಗೆ ಸ್ಪ್ರಿಂಗ್ ಅಥವಾ ಕೈಯಿಂದ ತಿರುಗಿಸಿ ಬಿಗಿಯುವ ಯಾಂತ್ರಿಕ ಬ್ರೇಕ್ ಇರಬೇಕು, ಜೊತೆಗೆ ಚಕ್ರಗಳಿಗೆ ಮರದ ತುಂಡನ್ನೂ ಕೊಡಬೇಕು. ಕೃಷಿ ಟ್ರ್ಯಾಕ್ಟರಿನ ಹ್ಯಾಂಡ್ ಬ್ರೇಕ್ ಕೇವಲ ಟ್ರ್ಯಾಕ್ಟರಿನ ಚಕ್ರಗಳನ್ನು ಹಿಡಿಯುವುದರಿಂದ, ಬಿಚ್ಚಿಟ್ಟ ಟ್ರೇಲರಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಇಳಿಜಾರಿನ ಬಲವನ್ನು ಕಡೆಗಣಿಸಬಾರದು. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ 25 ಟನ್ ತೂಕದ ಲಾರಿಯನ್ನು ಸುಮಾರು 2 ಟನ್ ಬಲವು ಕೆಳಕ್ಕೆ ಎಳೆಯುತ್ತದೆ. ದಾರಿಬದಿಯ ಒಂದು ಸಣ್ಣ ಕಲ್ಲು ಇದನ್ನು ತಡೆಯಲಾರದು. ವಿಶ್ವಸಂಸ್ಥೆಯ 13ನೇ ವಾಹನ ನಿಯಮಾವಳಿಯು, ಪೂರ್ತಿ ಹೊರೆಯುಳ್ಳ ವಾಹನವನ್ನು ಶೇ. 18ರ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ಸಾಮರ್ಥ್ಯ ನಿಲುಗಡೆ ಬ್ರೇಕಿಗೆ ಇರಬೇಕೆಂದು ವಿಧಿಸುತ್ತದೆ. ಅಂದಹಾಗೆ, ಚಕ್ರಕ್ಕೆ ಕೊಟ್ಟ ಕಲ್ಲನ್ನು ರಸ್ತೆಯಲ್ಲಿಯೇ ಬಿಟ್ಟು ಹೋಗುವುದರಿಂದ ರಾತ್ರಿ ವೇಳೆ ದ್ವಿಚಕ್ರ ಸವಾರರ ಪ್ರಾಣಕ್ಕೆ ಅಪಾಯವಿರುತ್ತದೆ.

ದಾರಿಯಲ್ಲಿ ಗಾಳಿಯ ಒತ್ತಡ ಬಾರದೆ ವಾಹನವು ನಿಂತಾಗ, ಚೇಂಬರಿನ ಹಿಂಬದಿಯಿಂದ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಎಳೆದು ಕಟ್ಟಿ ವಾಹನವನ್ನು ಸರಿಸುವುದುಂಟು. ಇದು ತಾತ್ಕಾಲಿಕ ಉಪಾಯ ಮಾತ್ರ. ಇದಕ್ಕೆ ಮುನ್ನ ಚಕ್ರಗಳಿಗೆ ಮರದ ತುಂಡು ಕೊಡುವುದು ಅವಶ್ಯಕ. ದುರಸ್ತಿಯ ನಂತರ ಬೋಲ್ಟನ್ನು ಸಡಿಲಿಸದೆ ಬಿಟ್ಟಲ್ಲಿ ಆ ಚಕ್ರಕ್ಕೆ ನಿಲುಗಡೆ ಬ್ರೇಕ್ ಇಲ್ಲದಂತಾಗುತ್ತದೆ; ಕಾಲಿನ ಬ್ರೇಕ್ ಎಂದಿನಂತೆ ಕೆಲಸ ಮಾಡುವುದರಿಂದ ಚಾಲಕನಿಗೆ ಇದು ತಿಳಿಯುವುದೇ ಇಲ್ಲ. ಇನ್ನು ಸ್ಪ್ರಿಂಗ್ ಚೇಂಬರನ್ನು ತರಬೇತಿಯಿಲ್ಲದವರು ಯಾವ ಕಾರಣಕ್ಕೂ ಬಿಚ್ಚಬಾರದು. ಒಳಗೆ ಅದುಮಿಟ್ಟ ಸ್ಪ್ರಿಂಗ್ ಸಿಡಿದಲ್ಲಿ ಎದುರಿಗಿದ್ದವರು ಸಾವಿಗೀಡಾಗಬಹುದು.

ಸಾರಿಗೆ ವಾಹನಗಳಿಗೆ ಅಧಿನಿಯಮದ ಕಲಂ 56ರ ಮೇರೆಗೆ ಅರ್ಹತಾ ಪತ್ರ (ಎಫ್.ಸಿ.) ಕಡ್ಡಾಯವಾಗಿದ್ದು, ನವೀಕರಣದ ಅವಧಿಯು 8 ವರ್ಷದವರೆಗಿನ ವಾಹನಗಳಿಗೆ 2 ವರ್ಷ, ಅದಕ್ಕೂ ಹಳೆಯ ವಾಹನಗಳಿಗೆ 1 ವರ್ಷ ಆಗಿರುತ್ತದೆ. ಟ್ರೇಲರ್ ಪ್ರತ್ಯೇಕವಾಗಿ ನೋಂದಣಿಯಾಗುವುದರಿಂದ, ಎಳೆಯುವ ವಾಹನದ ಅರ್ಹತಾ ಪತ್ರವು ಟ್ರೇಲರಿಗೆ ಅನ್ವಯಿಸುವುದಿಲ್ಲ. ತಪಾಸಣೆಗೆ ತರುವ ಮುನ್ನ ಮಾಲೀಕರು ನಿಲುಗಡೆ ಬ್ರೇಕ್ ಹಾಕಿಸಿ, ಗಾಳಿ ಸೋರುವ ಸದ್ದು, ಬ್ರೇಕ್ ಲೈನಿಂಗಿನ ಸವೆತ ಮತ್ತು ಮೇಲೆ ಹೇಳಿದ ಬೋಲ್ಟನ್ನು ನೋಡಿಕೊಳ್ಳುವುದು ಸೂಕ್ತ. ದೋಷವು ಗೊತ್ತಿದ್ದೂ ವಾಹನವನ್ನು ಅಥವಾ ಟ್ರೇಲರನ್ನು ರಸ್ತೆಗೆ ಇಳಿಸಿದಲ್ಲಿ ಕಲಂ 190ರ ಮೇರೆಗೆ ಚಾಲಕನಷ್ಟೇ ಅಲ್ಲದೆ, ಅದನ್ನು ಓಡಿಸಲು ಬಿಟ್ಟ ಮಾಲೀಕರೂ ಹೊಣೆಗಾರರಾಗುತ್ತಾರೆ.

ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ ಅದರ ಕಾರಣಗಳನ್ನು ಲಿಖಿತವಾಗಿ ಪಡೆಯುವ ಹಕ್ಕು ಮಾಲೀಕರಿಗೆ ಇರುತ್ತದೆ. ಅರ್ಜಿದಾರರು ಆ ಪತ್ರವನ್ನು ಕೇಳಿ ಪಡೆದು, ದುರಸ್ತಿಯ ಸಮಯದಲ್ಲಿ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು.