ಮಾಳಿಗೆ ಮೇಲೊಂದು ದೂರದರ್ಶಕ, ಕೈಯಲ್ಲಿ ಪೇಸ್ಟಲ್

ಬೆಂಗಳೂರಿನಲ್ಲಿ ನನ್ನದು ಸಾಫ್ಟ್‌ವೇರ್ ಕೆಲಸ. ಇಡೀ ದಿನ ಸ್ಕ್ರೀನ್ ನೋಡೋದೇ ಆಯ್ತು ಅಂತ ಎರಡು ವರ್ಷದ ಹಿಂದೆ ಬೋನಸ್ ದುಡ್ಡಲ್ಲಿ ಆರು ಇಂಚಿನ ದೂರದರ್ಶಕ ತಗೊಂಡೆ. ಆದರೆ ಬಾಡಿಗೆ ಮನೆಯ ಟೆರೇಸಿನ ಕೀಲಿ ಓನರ್ ಹತ್ತಿರ! ಕೊನೆಗೆ ಅದನ್ನು ರಾಯಚೂರು ತಾಲ್ಲೂಕಿನ ನಮ್ಮೂರು ಯಾಪಲದಿನ್ನಿಗೆ ತಂದು, ಮನೆಯ ಮಾಳಿಗೆ ಮೇಲೆ ಇಟ್ಟೆ.

ಮೊದಲು ಅಜ್ಜಿಗೆ ಚಂದ್ರನನ್ನು ತೋರಿಸಬೇಕು ಅನ್ನೋದು ನನ್ನ ಆಸೆ. ಅಜ್ಜಿಗೆ ಎಪ್ಪತ್ತೈದು ದಾಟಿದೆ. ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ. ಫೋನಿನಲ್ಲಿ ಫೋಟೊ ತೆಗೆದು ತೋರಿಸಿದೆ. “ಕಣ್ಣು ಕುಕ್ಕತೈತೋ ಯಪ್ಪಾ, ಏನೂ ತಿಳಿಯಾಂಗಿಲ್ಲ” ಅಂದಳು. ಹಾಗಾದರೆ ದೊಡ್ಡದಾಗಿ ಚಿತ್ರ ಬರೆದೇ ತೋರಿಸೋಣ ಅಂತ ಶುರುವಾದದ್ದು ಈ ಹವ್ಯಾಸ. ಎಂಜಿನಿಯರಿಂಗ್ ಡ್ರಾಯಿಂಗ್ ಬಿಟ್ಟರೆ ನನಗೆ ಬೇರೆ ಚಿತ್ರಕಲೆ ಗೊತ್ತಿರಲಿಲ್ಲ.

ಕರಿ ಹಾಳೆ, ಬಿಳಿ ಬಣ್ಣ

ಬೇಕಾದದ್ದು ಬಹಳ ಕಡಿಮೆ. ಕಪ್ಪು ದಪ್ಪ ಹಾಳೆ, ಬಿಳಿ ಮತ್ತು ಬೂದು ಬಣ್ಣದ ಸಾಫ್ಟ್ ಪೇಸ್ಟಲ್, ಕಿವಿಗೆ ಬಳಸುವ ಹತ್ತಿಕಡ್ಡಿ, ಕೆಂಪು ಕಾಗದ ಸುತ್ತಿದ ಟಾರ್ಚ್. ಪೇಸ್ಟಲ್‌ನಲ್ಲಿ ಬಣ್ಣದ ಪುಡಿಯೇ ಜಾಸ್ತಿ, ಅಂಟು ಕಡಿಮೆ. ಬೆರಳಿನಿಂದ ತಿಕ್ಕಿದರೆ ಹರಡುತ್ತದೆ. ಹಾಳೆಯೇ ಕಪ್ಪಾಗಿರುವುದರಿಂದ ರಾತ್ರಿಯನ್ನು ನಾವು ಬರೆಯಬೇಕಾಗಿಲ್ಲ, ಬೆಳಕನ್ನಷ್ಟೇ ಇಡುತ್ತಾ ಹೋದರೆ ಸಾಕು.

ಹುಣ್ಣಿಮೆ ದಿನ ಬರೆಯಬೇಡಿ. ಅವತ್ತು ನೆರಳೇ ಇರಲ್ಲ, ಚಂದ್ರ ಚಪ್ಪಟೆಯಾಗಿ ಕಾಣುತ್ತಾನೆ. ಪಂಚಮಿಯಿಂದ ದಶಮಿಯವರೆಗೆ ಒಳ್ಳೆಯದು. ಬೆಳಕು, ಕತ್ತಲೆ ಸೇರುವ ಗಡಿಯಲ್ಲಿ ಗುಂಡಿಗಳ ಅಂಚು ಎದ್ದು ಕಾಣುತ್ತದೆ. ನವಮಿ, ದಶಮಿಯ ಹೊತ್ತಿಗೆ ಕೋಪರ್ನಿಕಸ್ ಅನ್ನೋ ಗುಂಡಿ ಸಿಗುತ್ತದೆ. ಅದರ ಅಗಲ 93 ಕಿ.ಮೀ. ಅದರ ಒಂದು ಅಂಚಿನಲ್ಲಿ ರಾಯಚೂರನ್ನಿಟ್ಟರೆ, ಮಾನ್ವಿ ದಾಟಿ ಸಿಂಧನೂರಿನವರೆಗೂ ಒಳಗೇ ಹಿಡಿಸುತ್ತದೆ!

ಕಷ್ಟ ಎರಡು. ಭೂಮಿ ತಿರುಗುವುದರಿಂದ ನೋಡುತ್ತಿದ್ದ ಗುಂಡಿ ಒಂದೆರಡು ನಿಮಿಷಕ್ಕೇ ಕಣ್ಣಳತೆಯಿಂದ ಜಾರುತ್ತದೆ, ಕೊಳವೆಯನ್ನು ತಳ್ಳುತ್ತಲೇ ಇರಬೇಕು. ಇನ್ನೊಂದು, ಅಲ್ಲಿ ಬೆಳಗಿನ ಗಡಿ ಸರಿಯುತ್ತಲೇ ಇರುತ್ತದೆ, ಚಂದ್ರನ ನಡುಭಾಗದಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ಬರೆಯಲು ಕೂತಾಗ ಕತ್ತಲೆಯಲ್ಲಿದ್ದ ಶಿಖರ, ಮುಗಿಸೋ ಹೊತ್ತಿಗೆ ಹೊಳೆಯುತ್ತಿರುತ್ತದೆ. ಹಾಗಾಗಿ ಮೊದಲು ನೆರಳುಗಳನ್ನು ಗುರುತು ಮಾಡಿಕೊಂಡು, ಮುಕ್ಕಾಲು ಗಂಟೆಯೊಳಗೆ ಮುಗಿಸುತ್ತೇನೆ. ಗೊತ್ತಿರೋದನ್ನು ಬರೆಯಬಾರದು, ಕಂಡದ್ದನ್ನಷ್ಟೇ ಬರೆಯಬೇಕು. ಇದನ್ನು ಕಲಿಯೋಕೆ ನನಗೆ ಆರು ತಿಂಗಳು ಬೇಕಾಯ್ತು.

ನನ್ನ ಮೊದಲ ಚಿತ್ರ ನೋಡಿ ಅಜ್ಜಿ, “ರೊಟ್ಟಿ ಸುಟ್ಟಾಂಗ ಐತಲ್ಲೋ” ಅಂದಳು. ನಿಜಕ್ಕೂ ಹಾಗೇ ಇತ್ತು.

ಸೂರ್ಯನ ಪಾಠ ಬೇರೆ

ಸೂರ್ಯನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಫಿಲ್ಟರ್ ಇಲ್ಲದೆ ದೂರದರ್ಶಕದಲ್ಲಿ ಸೂರ್ಯನನ್ನು ನೋಡಿದರೆ ಕ್ಷಣದಲ್ಲೇ ಕಣ್ಣು ಹೋಗುತ್ತದೆ. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಕೊಳವೆಯ ಮುಂಬಾಯಿಗೆ ಬಿಗಿಯಾಗಿ ಕೂತಿರಬೇಕು. ಪಕ್ಕದ ಪುಟ್ಟ ಫೈಂಡರಿಗೂ ಮುಚ್ಚಳ ಹಾಕಬೇಕು. ಎಕ್ಸ್‌ರೇ ಹಾಳೆ, ಕರಿ ಗಾಜು ಯಾವುದೂ ನಡೆಯಲ್ಲ.

ಸೂರ್ಯನಿಗೆ ಬಿಳಿ ಹಾಳೆ. ಕಲೆಗಳ ನಡುವೆ ಕಪ್ಪು, ಸುತ್ತ ಬೂದು, ಅಂಚಿನ ಕಡೆ ಹೋದಂತೆ ಸ್ವಲ್ಪ ಮಬ್ಬು. ನಾಲ್ಕೈದು ದಿನ ಬಿಡದೆ ಬರೆದರೆ ಕಲೆಗಳು ಸರಿಯುವುದು ಕಾಣುತ್ತದೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಸುಮಾರು ಎರಡು ವಾರ ಬೇಕು. ಸೂರ್ಯ ತನ್ನ ಸುತ್ತ ತಿರುಗುತ್ತಾನೆ ಅಂತ ಪುಸ್ತಕದಲ್ಲಿ ಓದಿದ್ದೆ. ನಂಬಿದ್ದು ನನ್ನ ಐದು ಹಾಳೆಗಳನ್ನು ಸಾಲಾಗಿ ಇಟ್ಟಾಗಲೇ.

ಕ್ಯಾಮೆರಾ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಆಫೀಸಿನ ಗೆಳೆಯರು ಕೇಳುತ್ತಾರೆ. ಗೆಲಿಲಿಯೊ 1609ರಲ್ಲಿ ಚಂದ್ರನನ್ನು ಬರೆದ ಕಾಲಕ್ಕೆ ಕ್ಯಾಮೆರಾ ಇರಲಿಲ್ಲ, ನಿಜ. ಆದರೆ ಫ್ರಾನ್ಸಿನ ಟ್ರೂವೆಲೊ ಅಮೆರಿಕದಲ್ಲಿದ್ದುಕೊಂಡು ಸೂರ್ಯ, ಚಂದ್ರರನ್ನು ಪೇಸ್ಟಲ್‌ನಲ್ಲಿ ಬರೆದು 1882ರಲ್ಲಿ 15 ಚಿತ್ರಗಳನ್ನು ಅಚ್ಚು ಹಾಕಿಸಿದಾಗ ಫೋಟೊ ಬಂದು ದಶಕಗಳಾಗಿದ್ದವು. ಅಷ್ಟು ದೂರ ಯಾಕೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಫೋಟೊ ತೆಗೆಯುವುದರ ಜೊತೆಗೇ, 1904ರಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಸೂರ್ಯನ ಕಲೆಗಳನ್ನು ಕೈಯಲ್ಲೇ ಬಣ್ಣ ತುಂಬಿ ದಾಖಲಿಸಿದ್ದಾರೆ.

ಕುಡಗೋಲಿನಂಥ ಬೆಳಕು

ನಮ್ಮ ಸೀಮೆಯೂ ಈ ಕಥೆಯಲ್ಲಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ, ರಾಯಚೂರು ಸೀಮೆ, ಗುಂಟೂರಿನ ಮೇಲೆ ಹಾದುಹೋಯಿತು. ಅದನ್ನು ನೋಡಲು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಬಂದದ್ದು ನಮ್ಮಿಂದ ಕೃಷ್ಣೆಯ ಆಚೆಗಿರುವ ವನಪರ್ತಿಗೆ. ಮತ್ತೆ 1980ರ ಫೆಬ್ರುವರಿ 16ರಂದು, ಹುಬ್ಬಳ್ಳಿ, ರಾಯಚೂರಿನ ಮೇಲೆ ಇನ್ನೊಂದು ಖಗ್ರಾಸ. ಸಂಜೆ ನಾಲ್ಕಕ್ಕೆ ಸ್ವಲ್ಪ ಮುಂಚೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲಿನಲ್ಲೇ ಕತ್ತಲೆ.

ಇದನ್ನು ಓದಿ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಆಗ ನಿಮ್ಮ ಕಾಕ ಹೊಟ್ಟ್ಯಾಗಿದ್ದ. ಬಾಗಲಾ ಹಾಕಿ ಒಳಗ ಮಲಗಿಸಿದ್ರು. ಬಾಗಲದಾಗ ಒಂದು ಮೊಳಿ ತೂತಿತ್ತು. ಅದರಾಗಿಂದ ನೆಲದ ಮ್ಯಾಲ ದಿನಾ ದುಂಡಾನ ಬೆಳಕು ಬೀಳತಿತ್ತು. ಅವತ್ತು ಅದು ಕುಡಗೋಲು ಆತು. ಸಣ್ಣಾಗಿ ಸಣ್ಣಾಗಿ ಹೋಗೇ ಬಿಡ್ತು. ಕೂಸಿಗೆ ಏನಾಗತೈತೋ ಅಂತ ಹೆದರಿ ಯಾರಿಗೂ ಹೇಳಲಿಲ್ಲ.”

ನನಗೆ ಮೈ ಜುಮ್ ಅಂತು. ಅಜ್ಜಿ ಕಂಡದ್ದು ಸೂರ್ಯನನ್ನೇ! ಸಣ್ಣ ತೂತಿನಿಂದ ಬೀಳುವ ದುಂಡಗಿನ ಬೆಳಕು ಸೂರ್ಯನ ಬಿಂಬ. ಗ್ರಹಣದಲ್ಲಿ ಸೂರ್ಯ ಕುಡಗೋಲಾದರೆ ಬಿಂಬವೂ ಕುಡಗೋಲು. ಗ್ರಹಣದ ದಿನ ಬೇವಿನ ಮರದ ನೆರಳಲ್ಲೂ ಎಲೆ ಸಂದಿಯಿಂದ ಇಂಥ ನೂರಾರು ಕುಡಗೋಲು ಬೀಳುತ್ತವೆ. ಗ್ರಹಣ ನೋಡಲು ಇದಕ್ಕಿಂತ ಸುರಕ್ಷಿತ ದಾರಿ ಇನ್ನೊಂದಿಲ್ಲ. ಇಷ್ಟನ್ನೂ ಬಿಡಿಸಿ ಹೇಳಿದೆ. “ಹಂಗಾರ ನಾ ತಪ್ಪು ಮಾಡಿದ್ದಿಲ್ಲೇನು?” ಅಂದಳು. ನಲವತ್ತೈದು ದಾಟಿದ ಕಾಕ ಹೊರಗೆ ಟ್ರ್ಯಾಕ್ಟರ್ ತೊಳೆಯುತ್ತಿದ್ದರು.

ಕರಿ ಹಾಳೆ, ಬಿಳಿ ಪೇಸ್ಟಲ್ ಅಜ್ಜಿಯ ಮುಂದಿಟ್ಟೆ. ದಿನಾ ರಂಗೋಲಿ ಹಾಕಿದ ಕೈ. ಐದು ಸಲ ಬರೆದಳು: ಪೂರ್ತಿ ದುಂಡು, ಕಚ್ಚಿದ ರೊಟ್ಟಿ, ಕುಡಗೋಲು, ಕೊಯ್ದ ಉಗುರು, ಆಮೇಲೆ ಬರೀ ಒಂದು ಚುಕ್ಕೆ. ಪಕ್ಕದಲ್ಲಿ ನಾನು ತಾರೀಖು, ಊರು, ‘ಕಂಡವರು: ಅಜ್ಜಿ’ ಅಂತ ಬರೆದೆ.

ಭಾರತದಲ್ಲಿ ಮುಂದಿನ ಖಗ್ರಾಸ 2034ರ ಮಾರ್ಚ್ 20ಕ್ಕೆ, ಅದೂ ಕಾಶ್ಮೀರ, ಲಡಾಖ್ ಕಡೆ. ಅಲ್ಲಿಯವರೆಗೆ ಚಂದ್ರ ಇದ್ದೇ ಇದ್ದಾನೆ. ನಿಮ್ಮ ಮನೆಯಲ್ಲೂ 1980ರ ಆ ಶನಿವಾರವನ್ನು ಕಂಡವರಿದ್ದರೆ ಕೇಳಿ ನೋಡಿ. ಕೈಗೊಂದು ಪೇಸ್ಟಲ್ ಕೊಡೋದನ್ನು ಮಾತ್ರ ಮರೆಯಬೇಡಿ.