ಮಕ್ಕಳ ಚರ್ಮರೋಗ ತಜ್ಞರು ಮತ್ತು ವೈದ್ಯಕೀಯ ಬೋಧಕರ ಕಾರ್ಯ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮಕ್ಕಳ ಚರ್ಮದ ತೊಂದರೆಗಳಿಗಾಗಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಬರುವ ಪಾಲಕರಲ್ಲಿ ಹಲವು ಸಂದೇಹಗಳಿರುವುದು ಸಹಜ. ಮಗುವನ್ನು ಮಕ್ಕಳ ವಿಭಾಗಕ್ಕೆ ತೋರಿಸಬೇಕೇ ಅಥವಾ ಚರ್ಮರೋಗ ವಿಭಾಗಕ್ಕೆ ತೋರಿಸಬೇಕೇ, ತಪಾಸಣೆಯ ವೇಳೆ ವಿದ್ಯಾರ್ಥಿಗಳು ಏಕೆ ನಿಂತಿರುತ್ತಾರೆ, ಮನೆಯವರೆಲ್ಲರೂ ಮುಲಾಮು ಹಚ್ಚಿಕೊಳ್ಳಬೇಕೆಂದು ಏಕೆ ಹೇಳಲಾಗುತ್ತದೆ ಎಂಬ ಪ್ರಶ್ನೆಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಸದರಿ ಪ್ರಶ್ನೆಗಳಿಗೆ ಉತ್ತರವಾಗಿ, ಮಕ್ಕಳ ಚರ್ಮರೋಗ ತಜ್ಞರ ಕಾರ್ಯವನ್ನೂ ಸೇವೆ ಪಡೆಯುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

2. ಮಕ್ಕಳ ಚರ್ಮರೋಗ ತಜ್ಞರೆಂದರೆ ಯಾರು?

ಎಂ.ಬಿ.ಬಿ.ಎಸ್. ಪದವಿಯ ನಂತರ ಚರ್ಮರೋಗ, ಲೈಂಗಿಕ ರೋಗ ಮತ್ತು ಕುಷ್ಠರೋಗ ವಿಷಯದಲ್ಲಿ ಮೂರು ವರ್ಷಗಳ ಎಂ.ಡಿ. ವ್ಯಾಸಂಗ ಮುಗಿಸಿ, ಅನಂತರ ಮಕ್ಕಳ ಚರ್ಮರೋಗಗಳಲ್ಲಿ ವಿಶೇಷ ಅನುಭವ ಗಳಿಸಿದ ವೈದ್ಯರನ್ನು ಸಾಮಾನ್ಯವಾಗಿ ಈ ಹೆಸರಿನಿಂದ ಗುರುತಿಸಲಾಗುತ್ತದೆ. ಈ ಶಾಖೆಯು ವೈದ್ಯಶಾಸ್ತ್ರದಲ್ಲಿ ಹೊಸದು. ಇದಕ್ಕೆ ಮೀಸಲಾದ ಅಂತಾರಾಷ್ಟ್ರೀಯ ಸಮಾವೇಶವು 1972ರಲ್ಲಿ ಮೆಕ್ಸಿಕೊ ನಗರದಲ್ಲಿ ನಡೆಯಿತು. 1975ರಲ್ಲಿ ಅಮೆರಿಕದಲ್ಲಿ ತಜ್ಞರ ಸಂಘವೊಂದು ಸ್ಥಾಪನೆಯಾಯಿತು. ಎಲ್ಲ ಆಸ್ಪತ್ರೆಗಳಲ್ಲಿಯೂ ಪ್ರತ್ಯೇಕ ಮಕ್ಕಳ ಚರ್ಮರೋಗ ತಜ್ಞರು ಇರುವುದಿಲ್ಲ. ಅಂತಹ ಕಡೆ ಚರ್ಮರೋಗ ವಿಭಾಗ ಮತ್ತು ಮಕ್ಕಳ ವಿಭಾಗದ ವೈದ್ಯರು ಪರಸ್ಪರ ಸಮಾಲೋಚಿಸಿ ಚಿಕಿತ್ಸೆ ನೀಡುತ್ತಾರೆ.

3. ಮಕ್ಕಳಿಗೆ ಪ್ರತ್ಯೇಕ ಪರಿಣತಿ ಏಕೆ ಅಗತ್ಯ?

ಮಗುವಿನ ಚರ್ಮವು ದೊಡ್ಡವರ ಚರ್ಮದ ಚಿಕ್ಕ ಪ್ರತಿಯಲ್ಲ. ನವಜಾತ ಶಿಶುವಿನ ತೂಕಕ್ಕೆ ಹೋಲಿಸಿದರೆ ಅದರ ಮೈಚರ್ಮದ ವಿಸ್ತೀರ್ಣವು ದೊಡ್ಡವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಮೇಲೆ ಹಚ್ಚಿದ ಔಷಧಿಯು ಮೈಯೊಳಗೆ ಸೇರುವ ಪ್ರಮಾಣವೂ ಅಧಿಕ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಈ ಅಪಾಯ ಮತ್ತಷ್ಟು ಹೆಚ್ಚಾಗಿರುತ್ತದೆ.

ಇದಕ್ಕೆ ಫ್ರಾನ್ಸ್ ದೇಶದ ಘಟನೆಯೊಂದನ್ನು ಉದಾಹರಿಸಬಹುದು. 1972ರಲ್ಲಿ ಅಲ್ಲಿ ಮಾರಾಟವಾದ ಶಿಶುಗಳ ಪೌಡರ್ ಒಂದರಲ್ಲಿ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕವು ತಯಾರಿಕೆಯ ತಪ್ಪಿನಿಂದಾಗಿ ಶೇಕಡ 6ಕ್ಕೂ ಹೆಚ್ಚು ಸೇರಿಹೋಗಿತ್ತು. ಅದನ್ನು ಬಳಸಿದ 204 ಮಕ್ಕಳು ಅಸ್ವಸ್ಥರಾದರು. ಅವರಲ್ಲಿ 36 ಮಕ್ಕಳು ಮೃತಪಟ್ಟರು. ಪೌಡರ್ ಹಚ್ಚಿದ್ದು ಚರ್ಮಕ್ಕೆ. ಹಾನಿಯಾದದ್ದು ಮೆದುಳು ಮತ್ತು ನರಮಂಡಲಕ್ಕೆ. ಹೊರಗೆ ಹಚ್ಚುವ ಔಷಧಿಯಿಂದ ತೊಂದರೆಯಾಗದು ಎಂಬ ಭಾವನೆ ಸರಿಯಲ್ಲವೆಂಬುದನ್ನು ಪಾಲಕರು ಗಮನಿಸತಕ್ಕದ್ದು.

4. ಹೊರರೋಗಿ ವಿಭಾಗದಲ್ಲಿ ನಡೆಯುವ ಕಾರ್ಯ

(ಅ) ನಿರಪಾಯಕಾರಿ ಲಕ್ಷಣಗಳನ್ನು ಗುರುತಿಸುವುದು: ಚಿಕಿತ್ಸೆ ನೀಡುವಷ್ಟೇ ಮುಖ್ಯವಾದ ಕೆಲಸವೆಂದರೆ ಅನಗತ್ಯ ಚಿಕಿತ್ಸೆಯನ್ನು ತಡೆಯುವುದು. ಶಿಶುವಿನ ಸೊಂಟದ ಕೆಳಭಾಗದಲ್ಲಿ ಕಾಣುವ ನೀಲಿಬಣ್ಣದ ಮಚ್ಚೆ ಏಟಿನ ಗುರುತಲ್ಲ. ವಯಸ್ಸಾದಂತೆ ಅದು ಸಾಮಾನ್ಯವಾಗಿ ಮಾಸುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಆರೋಗ್ಯವಂತ ಶಿಶುವಿನ ಮೈಮೇಲೆ ಏಳುವ ಕೆಂಪು ಗಂಧೆಗಳು ಬಹುತೇಕ ತಾವಾಗಿಯೇ ಹೋಗುತ್ತವೆ. ಆದರೆ ಯಾವುದು ನಿರಪಾಯಕಾರಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

(ಆ) ಬಿಳಿ ಮಚ್ಚೆಗಳ ಪರೀಕ್ಷೆ: ಶಾಲಾ ಮಕ್ಕಳ ಕೆನ್ನೆಯ ಮೇಲೆ ಕಾಣುವ ತಿಳಿಬಿಳಿ ಮಚ್ಚೆಗಳನ್ನು ಕಂಡು ಕೆಲವರು ಹೊಟ್ಟೆಹುಳುವೆಂದು ಔಷಧಿ ಕೊಡಿಸುತ್ತಾರೆ, ಕೆಲವರು ತೊನ್ನೆಂದು ಭಯಪಡುತ್ತಾರೆ. ಇವು ಅನೇಕ ವೇಳೆ ಒಣಚರ್ಮದಿಂದ ಉಂಟಾಗುವ ಸಾಮಾನ್ಯ ಮಚ್ಚೆಗಳು. ಆದರೆ ಕುಷ್ಠರೋಗವೂ ಸ್ಪರ್ಶಜ್ಞಾನ ಕಡಿಮೆಯಾದ ತಿಳಿಬಣ್ಣದ ಮಚ್ಚೆಯಾಗಿ ಆರಂಭವಾಗಬಹುದು. ಚಿಕ್ಕ ಮಕ್ಕಳಲ್ಲಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದು ಸುಲಭವಲ್ಲ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿದ ಜಾಗವನ್ನು ತೋರಿಸುವಂತೆ ಆಟದ ರೂಪದಲ್ಲಿ ಕೇಳಲಾಗುತ್ತದೆ. ಮುಖದ ಮೇಲಿನ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಇದ್ದಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಆದ್ದರಿಂದ ನರಗಳನ್ನೂ ಮುಟ್ಟಿ ನೋಡಲಾಗುತ್ತದೆ.

2005ರ ಡಿಸೆಂಬರ್ ಹೊತ್ತಿಗೆ ಭಾರತವು ರಾಷ್ಟ್ರಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕಡಿಮೆ ಕುಷ್ಠರೋಗ ಪ್ರಕರಣಗಳ ಗುರಿಯನ್ನು ತಲುಪಿತು. ಇದರರ್ಥ ರೋಗವು ಇಲ್ಲವಾಯಿತೆಂದಲ್ಲ. ಮಗುವಿನಲ್ಲಿ ಈ ರೋಗ ಕಂಡುಬಂದರೆ ಸೋಂಕು ಸಮೀಪದಲ್ಲಿಯೇ ಹರಡುತ್ತಿದೆಯೆಂದು ತಿಳಿದು, ಮನೆಯವರನ್ನೂ ತಪಾಸಣೆ ಮಾಡಲಾಗುತ್ತದೆ. ರೋಗದ ವಿಧಕ್ಕನುಗುಣವಾಗಿ 6 ಅಥವಾ 12 ತಿಂಗಳ ಬಹುಔಷಧ ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಬೇಗ ಚಿಕಿತ್ಸೆ ಆರಂಭಿಸಿದರೆ ಅಂಗವಿಕಲತೆಯನ್ನು ತಡೆಯಬಹುದು. ಚಿಕಿತ್ಸೆಯಲ್ಲಿರುವ ಮಗುವನ್ನು ಶಾಲೆಯಿಂದ ದೂರವಿಡಲು ಕಾರಣವಿಲ್ಲ.

(ಇ) ಕಜ್ಜಿ: ಇದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುವ ರೋಗ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದೆ. ನುಸಿ ಹೊಕ್ಕ ಮೇಲೆ ತುರಿಕೆ ಆರಂಭವಾಗಲು ಮೊದಲ ಬಾರಿಗೆ ಕೆಲವು ವಾರಗಳೇ ಬೇಕಾಗುವುದರಿಂದ, ತುರಿಕೆ ಇಲ್ಲದವರಲ್ಲಿಯೂ ಸೋಂಕು ಇರಬಹುದು. ಆದ್ದರಿಂದಲೇ ಮನೆಯವರೆಲ್ಲರೂ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕೆಂದು ಸೂಚಿಸಲಾಗುತ್ತದೆ. ಶೇಕಡ 5ರ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಹಚ್ಚಿ, 8ರಿಂದ 14 ಗಂಟೆಗಳ ನಂತರ ತೊಳೆದು, ಒಂದು ವಾರದ ಬಳಿಕ ಮತ್ತೊಮ್ಮೆ ಹಚ್ಚುವುದು ರೂಢಿಯಲ್ಲಿರುವ ಕ್ರಮ. ಎರಡು ತಿಂಗಳೊಳಗಿನ ಶಿಶುಗಳಿಗೆ ವೈದ್ಯರ ಸೂಚನೆ ಇಲ್ಲದೆ ಬಳಸತಕ್ಕದ್ದಲ್ಲ. ಬಟ್ಟೆ ಮತ್ತು ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು.

(ಈ) ರಕ್ತನಾಳದ ಗೆಡ್ಡೆಗಳು: ಹುಟ್ಟಿದ ಕೆಲವು ದಿನ ಅಥವಾ ವಾರಗಳಲ್ಲಿ ಕಾಣಿಸಿಕೊಂಡು ವೇಗವಾಗಿ ಬೆಳೆಯುವ ಕೆಂಪು ಗೆಡ್ಡೆಗಳು ಬಹುಪಾಲು ತಾವಾಗಿಯೇ ಕುಗ್ಗುತ್ತವೆ. ಆದರೆ ಕಣ್ಣು, ಮೂಗು, ತುಟಿ ಅಥವಾ ಗಂಟಲಿನ ಬಳಿ ಇರುವ ಗೆಡ್ಡೆಯಿಂದ ದೃಷ್ಟಿಗೆ ಅಥವಾ ಉಸಿರಾಟಕ್ಕೆ ಅಪಾಯವಾಗಬಹುದು. ಹೃದ್ರೋಗದಲ್ಲಿ ಬಳಸುವ ಪ್ರೊಪ್ರನೊಲಾಲ್ ಔಷಧಿಯು ಇವುಗಳನ್ನು ಕುಗ್ಗಿಸುತ್ತದೆಂಬುದನ್ನು ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು 2008ರಲ್ಲಿ ಪ್ರಕಟಿಸಿದರು. ಮಗುವಿನ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿಯದಂತೆ ಹಾಲುಣಿಸಿಯೇ ಈ ಔಷಧಿಯನ್ನು ನೀಡಬೇಕಾಗುತ್ತದೆ. ವೈದ್ಯರ ಮೇಲ್ವಿಚಾರಣೆ ಕಡ್ಡಾಯ. ಗೆಡ್ಡೆಯು ಮೊದಲ ತಿಂಗಳುಗಳಲ್ಲಿಯೇ ಹೆಚ್ಚು ಬೆಳೆಯುವುದರಿಂದ, ವರ್ಷ ತುಂಬಲಿ ಎಂದು ಕಾಯದೆ ಕೂಡಲೇ ತೋರಿಸತಕ್ಕದ್ದು.

5. ಸ್ಟಿರಾಯ್ಡ್ ಮುಲಾಮುಗಳ ಬಗ್ಗೆ ಎಚ್ಚರಿಕೆ

ಇಸುಬಿಗೆ ಸೂಕ್ತ ಪ್ರಮಾಣದಲ್ಲಿ, ಸೂಕ್ತ ಅವಧಿಗೆ ಬಳಸಿದಾಗ ಸ್ಟಿರಾಯ್ಡ್ ಮುಲಾಮು ಉಪಯುಕ್ತ ಔಷಧಿಯೇ ಆಗಿದೆ. ಅಂಗಡಿಯಲ್ಲಿ ಕೇಳಿ ತಂದ ಮಿಶ್ರ ಮುಲಾಮನ್ನು ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ಎರಡು ದಿನ ಕಡಿಮೆಯಾಗಿ, ಶಿಲೀಂಧ್ರವು ಮತ್ತಷ್ಟು ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುವುದು, ಗೆರೆ ಬೀಳುವುದು ಮತ್ತು ಮಗುವಿನ ಬೆಳವಣಿಗೆ ಕುಂಠಿತವಾಗುವುದು ಸಂಭವನೀಯ. 2018ರಲ್ಲಿ ಕೇಂದ್ರ ಸರ್ಕಾರವು ಅನೇಕ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರತಕ್ಕ ಔಷಧಿಗಳ ವ್ಯಾಪ್ತಿಗೆ ತಂದಿದೆ. ಈ ಹಿಂದೆ ಹಚ್ಚಿದ ಮುಲಾಮಿನ ಕೊಳವೆ ಖಾಲಿಯಾಗಿದ್ದರೂ ಅದನ್ನು ತಪಾಸಣೆಗೆ ತರುವುದು. ಬೇವು, ಅರಿಶಿನ, ಕೆಮ್ಮಣ್ಣು ಮುಂತಾದವುಗಳನ್ನು ಹಚ್ಚಿದ್ದರೆ ಸಂಕೋಚವಿಲ್ಲದೆ ತಿಳಿಸುವುದು. ರೋಗದ ರೂಪವು ಇವುಗಳಿಂದ ಬದಲಾಗಿರಬಹುದು.

6. ಬೋಧಕರಾಗಿ ತಜ್ಞರ ಕಾರ್ಯ

ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ಮೊದಲು ನೋಡುವವರು ಸಾಮಾನ್ಯ ವೈದ್ಯರು. ಅವರು ವಿದ್ಯಾರ್ಥಿಯಾಗಿದ್ದಾಗ ಏನನ್ನು ಕಣ್ಣಾರೆ ಕಂಡಿದ್ದರೋ ಅದನ್ನೇ ಮುಂದೆ ಗುರುತಿಸಬಲ್ಲರು. ಹಿಂದಿನ ಪಾಶ್ಚಾತ್ಯ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಿನವು ಬಿಳಿಚರ್ಮದವು. ಅಲ್ಲಿ ಕೆಂಪಾಗಿ ಕಾಣುವ ಉರಿಯೂತವು ನಮ್ಮ ಮಕ್ಕಳ ಕಂದು ಅಥವಾ ಕಪ್ಪು ಚರ್ಮದಲ್ಲಿ ನೇರಳೆ ಅಥವಾ ಬೂದುಕಂದು ಬಣ್ಣವಾಗಿ ಕಾಣಬಹುದು. ಪುಸ್ತಕದ ಕೆಂಪನ್ನೇ ಹುಡುಕುವ ವೈದ್ಯರಿಗೆ ರೋಗವು ಎದುರಿಗಿದ್ದರೂ ಕಾಣದೆ ಹೋಗಬಹುದು. ಈ ವ್ಯತ್ಯಾಸವನ್ನು ಬೋಧಕರು ರೋಗಿಯ ಬಳಿಯಲ್ಲಿಯೇ ತೋರಿಸಿಕೊಡಬೇಕಾಗುತ್ತದೆ. ಅಳುವ ಮಗುವನ್ನು ತಾಯಿಯ ಮಡಿಲಿನಲ್ಲಿಯೇ ಪರೀಕ್ಷಿಸುವುದು, ಹಚ್ಚಬೇಕಾದ ಮುಲಾಮಿನ ಪ್ರಮಾಣವನ್ನು ಬೆರಳತುದಿಯ ಅಳತೆಯಿಂದ ಪಾಲಕರಿಗೆ ತಿಳಿಸುವುದು, ಅಕ್ಷರ ಬಾರದವರಿಗೂ ಅರ್ಥವಾಗುವಂತೆ ವಿವರಿಸುವುದು ಸಹ ಬೋಧನೆಯ ಭಾಗವಾಗಿವೆ.

ಬೋಧನೆಯ ಸಂದರ್ಭದಲ್ಲಿ ಪಾಲಕರ ಹಕ್ಕುಗಳು ಈ ಕೆಳಕಂಡಂತಿವೆ:

- ವಿದ್ಯಾರ್ಥಿಗಳ ಉಪಸ್ಥಿತಿಯ ಬಗ್ಗೆ ವಿಚಾರಿಸಬಹುದು ಹಾಗೂ ನಿರಾಕರಿಸಬಹುದು. ನಿರಾಕರಿಸಿದ ಕಾರಣಕ್ಕೆ ಚಿಕಿತ್ಸೆಯಲ್ಲಿ ವ್ಯತ್ಯಾಸ ಮಾಡತಕ್ಕದ್ದಲ್ಲ.
- ಮಗುವಿನ ಛಾಯಾಚಿತ್ರ ತೆಗೆಯಲು ಪಾಲಕರ ಒಪ್ಪಿಗೆ ಅಗತ್ಯ. ಯಾವ ಉದ್ದೇಶಕ್ಕೆಂದು ಕೇಳಿ ತಿಳಿಯಬಹುದು.
- ಬೆಳೆದ ಮಕ್ಕಳ ಸಂಕೋಚವನ್ನು ಗೌರವಿಸಿ ಮರೆಯಲ್ಲಿ ತಪಾಸಣೆ ಮಾಡುವಂತೆ ಕೋರಬಹುದು.

7. ಸೇವೆ ಪಡೆಯುವ ಕ್ರಮ

(ಅ) ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದಲ್ಲಿ ಶಿಫಾರಸು ಪತ್ರ ಪಡೆಯುವುದು.

(ಆ) 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡಲಾಗುತ್ತದೆ. ಕಜ್ಜಿ, ಶಿಲೀಂಧ್ರ ಸೋಂಕು ಮತ್ತು ಇಸುಬು ಈ ಕಾರ್ಯಕ್ರಮದ ಪಟ್ಟಿಯಲ್ಲಿವೆ. ತಪಾಸಣಾ ತಂಡವು ನೀಡಿದ ಚೀಟಿಯನ್ನು ಜೋಪಾನವಾಗಿಡುವುದು.

(ಇ) ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹಾಗೂ ಮೈಸೂರಿನ ಚೆಲುವಾಂಬ ಆಸ್ಪತ್ರೆಗಳು ಮಕ್ಕಳ ಚಿಕಿತ್ಸೆಗೆ ಹೆಸರಾದ ಸರ್ಕಾರಿ ವ್ಯವಸ್ಥೆಯ ಸಂಸ್ಥೆಗಳು. ಇತರ ಜಿಲ್ಲೆಗಳವರು ತಮ್ಮ ಭಾಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗವನ್ನು ಸಂಪರ್ಕಿಸಬಹುದಾಗಿದೆ. ಹೊರಡುವ ಮುನ್ನ ಹೊರರೋಗಿ ವಿಭಾಗದ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳುವುದು.

(ಈ) ತಾಯಿ ಕಾರ್ಡ್, ಲಸಿಕೆಯ ವಿವರ, ಹಿಂದಿನ ಚೀಟಿಗಳು, ಬಳಸಿದ ಔಷಧಿಗಳು, ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರುವುದು. ತಪಾಸಣೆಯ ದಿನ ಮಗುವಿಗೆ ಪೌಡರ್ ಅಥವಾ ಎಣ್ಣೆ ಹಚ್ಚಬಾರದು.

(ಉ) ಒಳರೋಗಿ ಚಿಕಿತ್ಸೆ ಅಗತ್ಯವಾದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯದ ಬಗ್ಗೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ಮಾಹಿತಿ ಪಡೆಯಬಹುದಾಗಿದೆ.

(ಊ) 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ವಿಧಗಳಲ್ಲಿ ಕುಷ್ಠರೋಗದಿಂದ ಗುಣಮುಖರಾಗಿ ಅಂಗದೋಷ ಅಥವಾ ಸ್ಪರ್ಶನಷ್ಟ ಉಳಿದವರೂ ಸೇರಿದ್ದಾರೆ. ಇವರು ಯು.ಡಿ.ಐ.ಡಿ. ಪೋರ್ಟಲ್ ಮೂಲಕ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ತೊನ್ನು ಈ ಪಟ್ಟಿಯಲ್ಲಿ ಇರುವುದಿಲ್ಲ; ಅದು ಮುಟ್ಟಿದರೆ ಹರಡುವ ರೋಗವೂ ಅಲ್ಲ.

8. ತುರ್ತಾಗಿ ಆಸ್ಪತ್ರೆಗೆ ಕರೆತರಬೇಕಾದ ಸಂದರ್ಭಗಳು

- ಜ್ವರದೊಂದಿಗೆ ಮೈಮೇಲೆ, ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು ಕಂಡುಬಂದಾಗ.
- ಯಾವುದೇ ಔಷಧಿ ಸೇವಿಸಿದ ನಂತರ ಬಾಯಿ, ಕಣ್ಣುಗಳಲ್ಲಿ ಹುಣ್ಣಾಗಿ ಚರ್ಮ ಸುಲಿಯತೊಡಗಿದಾಗ.
- ಗಂಧೆಗಳೊಂದಿಗೆ ತುಟಿ, ನಾಲಿಗೆ ಊದಿಕೊಂಡು ಉಸಿರಾಟಕ್ಕೆ ತೊಂದರೆಯಾದಾಗ.
- ನವಜಾತ ಶಿಶುವಿನಲ್ಲಿ ನೀರುಗುಳ್ಳೆ, ಕೀವುಗುಳ್ಳೆ ಅಥವಾ ಮೈಯೆಲ್ಲ ಕೆಂಪಾಗುವಿಕೆ ಕಂಡುಬಂದಾಗ.

ಇಂತಹ ಸಂದರ್ಭಗಳಲ್ಲಿ ಹೊರರೋಗಿ ವಿಭಾಗದ ಸಮಯಕ್ಕಾಗಿ ಕಾಯದೆ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳುವುದು ಅಥವಾ 108 ಸಂಖ್ಯೆಗೆ ಕರೆ ಮಾಡುವುದು.

9. ಸಾರ್ವಜನಿಕರಲ್ಲಿ ಕೋರಿಕೆ

ಚರ್ಮದ ರೋಗವು ಎಲ್ಲರ ಕಣ್ಣಿಗೂ ಕಾಣುವಂಥದ್ದು. ಇದರಿಂದಾಗಿ ಮಗುವು ಶಾಲೆಯಲ್ಲಿ ಹಿಂದಿನ ಬೆಂಚಿಗೆ, ಮನೆಯಲ್ಲಿ ಮೂಲೆಗೆ ಸರಿಯುವಂತಾಗಬಾರದು. ರೋಗವನ್ನು ಮುಚ್ಚಿಡದೆ ಆರಂಭದಲ್ಲಿಯೇ ತಜ್ಞರಿಗೆ ತೋರಿಸಿ, ಹೇಳಿದ ಅವಧಿಯವರೆಗೆ ಚಿಕಿತ್ಸೆ ಪೂರ್ಣಗೊಳಿಸಿ, ಮರುಭೇಟಿಯ ದಿನಾಂಕವನ್ನು ತಪ್ಪಿಸದಂತೆ ಪಾಲಕರಲ್ಲಿ ಕೋರಲಾಗಿದೆ. ಇಲ್ಲಿ ನೀಡಿರುವ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇವು ವೈದ್ಯರ ತಪಾಸಣೆಗೆ ಬದಲಿಯಲ್ಲ.